ಸುಟ್ಟ ಗಾಯದ ಆಳ: ಕಣ್ಣು, ಕ್ಯಾಮೆರಾ, ಎಐ

ಪ್ರಶ್ನೆ: ಆಲೆಮನೆಯಲ್ಲಿ ಕೊಪ್ಪರಿಗೆಯ ಪಾಕ ತಮ್ಮನ ಮುಂಗೈಗೆ ಸಿಡಿಯಿತು. ಮೊದಲ ದಿನ ‘ಮೇಲ್ಮೈ ಗಾಯ’ ಎಂದ ವೈದ್ಯರು ನಾಲ್ಕನೇ ದಿನ ‘ಚರ್ಮ ಕಸಿ ಬೇಕಾದೀತು’ ಎಂದರು. ಮೊದಲೇ ಯಂತ್ರದಲ್ಲಿ ನೋಡಿದ್ದರೆ ತಿಳಿಯುತ್ತಿರಲಿಲ್ಲವೇ?
– ಓದುಗರು, ಶಿರಸಿ ತಾಲೂಕು

ಉತ್ತರ: ಮೊದಲ ದಿನ ಯಂತ್ರಕ್ಕೂ ಖಚಿತವಾಗಿ ತಿಳಿಯುತ್ತಿರಲಿಲ್ಲ. ವೈದ್ಯರು ಮಾತು ಬದಲಿಸಿದ್ದೂ ತಪ್ಪಲ್ಲ, ಬದಲಾಗಿದ್ದು ಗಾಯವೇ. ಬೆಂದು ಸತ್ತ ಭಾಗದ ಸುತ್ತ ರಕ್ತದ ಹರಿವು ಕುಂಟುತ್ತಿರುವ ಒಂದು ಪಟ್ಟಿ ಇರುತ್ತದೆ. ಜ್ಯಾಕ್ಸನ್ ಎಂಬ ಶಸ್ತ್ರವೈದ್ಯರು 1953ರಲ್ಲೇ ಇದನ್ನು ವಿವರಿಸಿದ್ದರು. ಆ ಪಟ್ಟಿ ಉಳಿಯುತ್ತದೋ ಸಾಯುತ್ತದೋ ಎಂಬುದು ತೀರ್ಮಾನವಾಗಲು ಎರಡು ಮೂರು ದಿನ ಬೇಕು. ಅದರಲ್ಲೂ ಬೆಲ್ಲದ ಪಾಕ ನೀರಿಗಿಂತ ಬಿಸಿ, ಮೇಲಾಗಿ ಅಂಟಿಕೊಂಡು ಕೂರುತ್ತದೆ. ಹಾಗಾಗಿ ಅದರ ಗಾಯ ಕಂಡದ್ದಕ್ಕಿಂತ ಆಳವಿರುವುದೇ ಹೆಚ್ಚು.

ಅನುಭವಿ ವೈದ್ಯರ ಕಣ್ಣಂದಾಜು ಕೂಡ ಸರಿಯಾಗುವುದು ಸುಮಾರು 60ರಿಂದ 75 ಶೇಕಡಾ ಸಲ. ಲೇಸರ್ ಡಾಪ್ಲರ್ ಯಂತ್ರ ಗಾಯವನ್ನು ಮುಟ್ಟದೆ ಕೆಂಪು ಬೆಳಕು ಹಾಯಿಸಿ, ಚಲಿಸುವ ರಕ್ತಕಣಗಳಿಂದ ಮರಳಿದ ಬೆಳಕಿನಲ್ಲಿ ಆದ ವ್ಯತ್ಯಾಸವನ್ನು ಬಣ್ಣದ ನಕ್ಷೆಯಾಗಿ ತೋರಿಸುತ್ತದೆ. ಕೆಂಪಾದರೆ ಹರಿವು ಚೆನ್ನಾಗಿದೆ, 14 ದಿನದೊಳಗೆ ಮಾಯುವ ನಿರೀಕ್ಷೆ. ನೀಲಿಯಾದರೆ 21 ದಿನ ದಾಟುತ್ತದೆ, ಕಸಿಯ ಮಾತು ಬರುತ್ತದೆ. ಆದರೆ ಇದನ್ನು ನಂಬಬಹುದಾದದ್ದು ಸುಟ್ಟ 48 ಗಂಟೆಯ ನಂತರ, ಐದನೇ ದಿನದೊಳಗೆ. ಗಾಯಕ್ಕೆ ಸೋಂಕು ತಗುಲಿದ್ದರೆ, ಬಿಳಿ ಸಿಲ್ವರ್ ಮುಲಾಮು ಪೂರ್ತಿ ಒರೆಸಿರದಿದ್ದರೆ, ರೋಗಿ ಅಲುಗಾಡಿದರೆ ನಕ್ಷೆ ಸುಳ್ಳು ಹೇಳುತ್ತದೆ.

ಪ್ರಶ್ನೆ: ಅಡಕೆ ಬೇಯಿಸುವ ಹಂಡೆಯ ನೀರು ಅತ್ತಿಗೆಯ ಕಾಲಿನ ಮೇಲೆ ಚೆಲ್ಲಿತು. ವಾಟ್ಸಾಪಿನಲ್ಲಿ ಫೋಟೊ ಕಳಿಸಿದರೆ ವೈದ್ಯರು ‘ಏನೂ ತಿಳಿಯುತ್ತಿಲ್ಲ’ ಎಂದರು. ಹೇಗೆ ತೆಗೆಯಬೇಕು?
– ಓದುಗರು, ಸಿದ್ದಾಪುರ

ಉತ್ತರ: ಫೋಟೊಕ್ಕಿಂತ ಮೊದಲು ನಲ್ಲಿ ನೀರು. ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಿರಿ. ಸುಟ್ಟು ಮೂರು ಗಂಟೆಯೊಳಗಾದರೆ ತಡವಾಗಿಯಾದರೂ ಲಾಭವಿದೆ. ಐಸ್ ಬೇಡ. ಅರಿಶಿನ, ಟೂತ್‌ಪೇಸ್ಟ್, ಇಂಕು ಹಚ್ಚಿದರೆ ನೋವಿಗೂ ಉಪಕಾರವಿಲ್ಲ, ನೋಡುವವರಿಗೂ ಬಣ್ಣ ಕೆಡುತ್ತದೆ.

ಅಡಕೆ ನೀರಿನದ್ದು ಇನ್ನೊಂದು ತಕರಾರು: ಚೊಗರು. ಅದು ಚರ್ಮಕ್ಕೆ ಕಂದು ಬಣ್ಣ ಹಿಡಿಸುತ್ತದೆ. ಬಣ್ಣ ನೋಡಿ ಆಳ ಹೇಳುವ ವೈದ್ಯರಾಗಲಿ ಎಐ ಆಗಲಿ ಆ ಕಲೆಯನ್ನು ಒಣಗಿ ಕಪ್ಪಾದ ಆಳದ ಗಾಯವೆಂದು ಓದಬಹುದು. ಕಲೆ ತಿಕ್ಕಲು ಹೋಗಬೇಡಿ. ‘ಚೊಗರು ಬಿದ್ದಿದೆ’ ಎಂದು ಬರೆದು ಕಳಿಸಿ.

ತೆಗೆಯುವಾಗ ಅಂಗಳದ ನೆರಳಿನ ಬೆಳಕು ಒಳ್ಳೆಯದು. ಫ್ಲ್ಯಾಶ್ ಹಾಕಿದರೆ ಒದ್ದೆ ಗಾಯ ಹೊಳೆದು ಬೆಳ್ಳಗೆ ಕಾಣುತ್ತದೆ, ಬಿಳುಪು ಎಂದರೆ ಆಳ ಎಂದೇ ಅರ್ಥವಾಗುತ್ತದೆ. ಪಕ್ಕದಲ್ಲಿ ಬಿಳಿ ಕಾಗದ, ಅದರ ಮೇಲೆ ಒಂದು ಸ್ಕೇಲು ಇಡಿ. ಕಾಗದದಿಂದ ಬಣ್ಣ ಸರಿಹೊಂದಿಸಬಹುದು, ಸ್ಕೇಲಿನಿಂದ ಅಳತೆ ಸಿಗುತ್ತದೆ. ಒಂದು ಫೋಟೊ ಇಡೀ ಕಾಲು ಬರುವಂತೆ, ಇನ್ನೊಂದು ಒಂದಡಿ ದೂರದಿಂದ ನೇರವಾಗಿ. ಕಾಲು ಉರುಟು, ಆದ್ದರಿಂದ ಹಿಂಬದಿಯದ್ದೂ ಬೇಕು. ಗುಳ್ಳೆ ಒಡೆಯಬೇಡಿ. ವಾಟ್ಸಾಪಿನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಇಲ್ಲದಿದ್ದರೆ ಫೋಟೊ ಕುಗ್ಗಿ ಸೂಕ್ಷ್ಮ ವಿವರ ಹೋಗುತ್ತದೆ. ಸುಟ್ಟ ಗಂಟೆ ನಿಮಿಷ ತಪ್ಪದೆ ಬರೆಯಿರಿ.

ಒತ್ತಿ ಬಿಟ್ಟಾಗ ಬೆಳ್ಳಗಾಗಿ ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗುತ್ತದೆಯೇ ಎಂಬ ಪರೀಕ್ಷೆ ಫೋಟೊದಲ್ಲಿ ಸಿಗುವುದಿಲ್ಲ. ನರ್ಸ್ ಗ್ಲೌಸ್ ಹಾಕಿ ಒತ್ತುವಾಗ ಐದು ಸೆಕೆಂಡಿನ ವಿಡಿಯೊ ತೆಗೆದರೆ ಹತ್ತು ಫೋಟೊಕ್ಕೆ ಸಮ.

ಪ್ರಶ್ನೆ: ಫೋಟೊ ನೋಡಿ ಗಾಯದ ಆಳ ಹೇಳುವ ಎಐ ನಮ್ಮ ಮೈಬಣ್ಣಕ್ಕೆ ಸರಿಹೊಂದುತ್ತದೆಯೇ?
– ಓದುಗರು, ಅಂಕೋಲಾ

ಉತ್ತರ: ಯಾವ ಫೋಟೊಗಳಿಂದ ಕಲಿತಿದೆ ಎಂಬುದರ ಮೇಲಿದೆ. ಬಿಳಿ ಚರ್ಮದ ಚಿತ್ರಗಳೇ ಹೆಚ್ಚಾದರೆ, ನಮ್ಮ ಚರ್ಮದಲ್ಲಿ ಬರೀ ಕೆಂಪಾದದ್ದು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಯಾರಾದರೂ ಸಾಫ್ಟ್‌ವೇರ್ ತಂದು ತೋರಿಸಿದರೆ ಇನ್ನೊಂದನ್ನೂ ಕೇಳಿ: ‘ಇದು ಆಳ’ ಎಂದು ಅದಕ್ಕೆ ಹೇಳಿಕೊಟ್ಟವರು ಯಾರು? ವೈದ್ಯರು ಫೋಟೊ ನೋಡಿ ಗುರುತು ಹಾಕಿದ್ದರೆ ಅದು ಕಲಿತದ್ದು ಅವರ ಕಣ್ಣಂದಾಜನ್ನೇ, ತಪ್ಪುಗಳ ಸಮೇತ. ಬಯಾಪ್ಸಿಯಿಂದ (ಗಾಯದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು) ಅಥವಾ 21 ದಿನದಲ್ಲಿ ನಿಜಕ್ಕೂ ಮಾಯಿತೇ ಎಂದು ನೋಡಿ ಗುರುತು ಹಾಕಿದ್ದರೆ ಬೆಲೆಯಿದೆ.

ಪ್ರಶ್ನೆ: ಕಾರವಾರದಿಂದ ಹುಬ್ಬಳ್ಳಿಗೋ ಗೋವಾಕ್ಕೋ ಕಳಿಸುವ ಮೊದಲು ಮೈಯ ಎಷ್ಟು ಶೇಕಡಾ ಸುಟ್ಟಿದೆ ಎಂದು ಆ್ಯಪಿನಿಂದ ಲೆಕ್ಕ ಹಾಕಬಹುದೇ?
– ನರ್ಸಿಂಗ್ ವಿದ್ಯಾರ್ಥಿನಿ, ಕಾರವಾರ

ಉತ್ತರ: ಹಾಕಬಹುದು, ಆದರೆ ರೋಗಿಯ ಅಂಗೈ ಬೆರಳು ಸಮೇತ ಸುಮಾರು 1 ಶೇಕಡಾ ಎಂಬ ಲೆಕ್ಕದಿಂದ ತಾಳೆ ನೋಡಿ. ಗುಳ್ಳೆಯಿಲ್ಲದೆ ಬರೀ ಕೆಂಪಾದ ಜಾಗವನ್ನು ಸೇರಿಸಬಾರದು. ಎಲ್ಲರೂ ಹೆಚ್ಚಾಗಿ ಎಡವುವುದು ಇಲ್ಲೇ. 60 ಕಿಲೋ ತೂಕದವರಿಗೆ 20 ಶೇಕಡಾ ಸುಟ್ಟಿದ್ದರೆ ಎಷ್ಟು ಡ್ರಿಪ್ ಕೊಡಬೇಕೆಂದು ಹೇಳುವ ಪಾರ್ಕ್‌ಲ್ಯಾಂಡ್ ಸೂತ್ರದಂತೆ (4 ಮಿ.ಲೀ. × ತೂಕ × ಸುಟ್ಟ ಶೇಕಡಾ) 4×60×20, ಅಂದರೆ ಮೊದಲ 24 ಗಂಟೆಗೆ 4,800 ಮಿ.ಲೀ. ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರವ. ಆ್ಯಪ್ 30 ಎಂದರೆ ಅದು 7,200 ಆಗುತ್ತದೆ. ಹೆಚ್ಚಾದ 2,400 ಮಿ.ಲೀ. ಮೈ ಊದಿಸಿ ಶ್ವಾಸಕೋಶಕ್ಕೂ ಇಳಿಯಬಹುದು. ಅರ್ಧ ಕೊಡಬೇಕಾದದ್ದು ಮೊದಲ 8 ಗಂಟೆಯಲ್ಲಿ. ಆ ಎಂಟು ಗಂಟೆ ಎಣಿಸುವುದು ಸುಟ್ಟ ಹೊತ್ತಿನಿಂದ, ಆಸ್ಪತ್ರೆಗೆ ಬಂದ ಹೊತ್ತಿನಿಂದಲ್ಲ. ಸೂತ್ರ ಬರೀ ಆರಂಭ. ಗಂಟೆಗೆ ಸುಮಾರು 30 ಮಿ.ಲೀ. ಮೂತ್ರ ಬರುತ್ತಿದೆಯೇ ನೋಡಿ ಹೆಚ್ಚು ಕಡಿಮೆ ಮಾಡಬೇಕು.

ಕರೆಂಟ್ ಹೊಡೆದವರಿಗೆ ಈ ಲೆಕ್ಕ ನೆಚ್ಚಬೇಡಿ, ಫೋಟೊವನ್ನೂ ನೆಚ್ಚಬೇಡಿ. ಚರ್ಮದ ಮೇಲೆ ಕಾಣುವುದು ಒಂದು ಚುಕ್ಕೆ, ಒಳಗೆ ಸ್ನಾಯು ಬೆಂದಿರುತ್ತದೆ. ನೇರವಾಗಿ ಕಳಿಸಿ.