ಡ್ರಾಯಿಂಗ್ ಪರೀಕ್ಷೆಯಿಂದ ಸರ್ವೆ ಸರಪಳಿಯವರೆಗೆ

ಶಾಲಾದಿನಗಳಲ್ಲಿ ನಮ್ಮಲ್ಲಿ ಕಂಡ ಪ್ರತಿಭೆಗೂ, ಅದನ್ನು ನೋಡಿ ಹಿರಿಯರು ಕಟ್ಟಿಕೊಂಡ ನಿರೀಕ್ಷೆಗೂ, ನಾವು ಕೊನೆಗೆ ಸೇರಿದ ಉದ್ಯೋಗಕ್ಕೂ ಏನಾದರೂ ಸಂಬಂಧ ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಉಳಿದಿದೆ. ಆದರೆ ಬಹುಮಾನ ತಂದುಕೊಟ್ಟ ಭಾಗ ಉಳಿಯಲಿಲ್ಲ. ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಭಾಗ ಉಳಿಯಿತು.

ಪ್ರೌಢಶಾಲೆಯಲ್ಲಿ ನಾನು ಚಿತ್ರ ಬರೆಯುವ ಹುಡುಗನೆಂದೇ ಹೆಸರಾಗಿದ್ದೆ. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳೆರಡನ್ನೂ ಮುಗಿಸಿದಾಗ ನಾನು ಕಲಾವಿದನಾಗುತ್ತೇನೆಂದು ಡ್ರಾಯಿಂಗ್ ಮೇಷ್ಟರೂ, ಚಿತ್ರ ಬರೆದು ಹೊಟ್ಟೆ ಹೊರೆಯಲಾಗದ್ದರಿಂದ ಎಂಜಿನಿಯರ್ ಆಗಬೇಕೆಂದು ಅಪ್ಪನೂ ತೀರ್ಮಾನಿಸಿದ್ದರು. ನಾನು ಎರಡೂ ಆಗದೆ ಸರ್ಕಾರಿ ಭೂಮಾಪಕನಾದೆ. ಕೈಯಲ್ಲಿ ಕುಂಚ ಹಿಡಿದವನು ಕಲಾವಿದ, ಅಂಕ ಪಡೆದವನು ಎಂಜಿನಿಯರ್ ಎಂಬುದರಾಚೆಗೆ ಅವರಿಬ್ಬರಿಗೂ ಹೆಚ್ಚಿನ ಉದ್ಯೋಗಗಳ ಪರಿಚಯವಿರಲಿಲ್ಲ. ನಿರೀಕ್ಷೆಗಳು ಬಹುಪಾಲು ಹುಸಿಯಾಗುವುದು ಮಕ್ಕಳ ಸೋಲಿನಿಂದಲ್ಲ, ಹೀಗೆ ಹಿರಿಯರ ಪಟ್ಟಿ ಚಿಕ್ಕದಾಗಿರುವುದರಿಂದ ಎಂದು ನನಗೆ ಅನಿಸುತ್ತದೆ.

ನಮ್ಮ ಕೆಲಸವೆಂದರೆ ಪೋಡಿ (ಜಮೀನನ್ನು ಅಳೆದು ಭಾಗ ಮಾಡುವುದು), ಹದ್ದುಬಸ್ತು (ಗಡಿ ಗುರುತಿಸುವುದು), 11ಇ ನಕ್ಷೆ (ಜಮೀನಿನ ಭಾಗವನ್ನು ಮಾರುವ ಮುನ್ನ ಬೇಕಾಗುವ ನಕ್ಷೆ). ಹಳೆಯ ಅಳತೆಯ ಸರಪಳಿ 33 ಅಡಿ, ಅದರಲ್ಲಿ ಆಣೆ ಎಂಬ 16 ಸಮಭಾಗ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ, ಅಂಥ 40 ಗುಂಟೆಗೆ ಒಂದು ಎಕರೆ. ಈಗ ಉಪಕರಣಗಳು ಬದಲಾಗಿದ್ದರೂ ವಿವಾದ ಎದ್ದಾಗ ಹಳೆಯ ಟಿಪ್ಪಣಿಯನ್ನು, ಅಂದರೆ ಹಿಂದಿನ ಸರ್ವೆಯವರು ಬರೆದಿಟ್ಟ ಅಳತೆಯ ನಕ್ಷೆಯನ್ನು ತೆರೆದು, ಅದರಲ್ಲಿರುವ ಗೆರೆಗಳನ್ನು ಎದುರಿನ ಬದುವಿನೊಂದಿಗೆ ತಾಳೆ ನೋಡದೆ ವಿಧಿಯಿಲ್ಲ. (ಬದುವಿನ ಜಗಳದಲ್ಲಿ ಅಣ್ಣತಮ್ಮಂದಿರೇ ಹೆಚ್ಚು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.) ಬದು ಯಾವ ತಿರುವಿನಲ್ಲಿ ಸರಿದಿದೆ ಎಂಬುದು ಅಳೆಯುವ ಮೊದಲೇ ನನ್ನ ಕಣ್ಣಿಗೆ ಎಷ್ಟೋ ಸಲ ಬೀಳುತ್ತದೆ. ವಸ್ತುವಿನ ಪ್ರಮಾಣವನ್ನು ಕಣ್ಣಳತೆಯಲ್ಲೇ ಹಿಡಿಯುವ ಈ ಅಭ್ಯಾಸ ಡ್ರಾಯಿಂಗ್ ತರಗತಿಯಿಂದ ಬಂದದ್ದು. ಆಗ ಎಲ್ಲರೂ ಹೊಗಳುತ್ತಿದ್ದದ್ದು ಮಾತ್ರ ನನ್ನ ಬಣ್ಣಗಾರಿಕೆಯನ್ನು.

ಪ್ರಸಿದ್ಧರ ಬದುಕಿನಲ್ಲೂ ದಾರಿ ನೇರವಾಗಿರಲಿಲ್ಲ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣ್ ಅವರಿಗೆ ಮುಂಬಯಿಯ ಜೆ. ಜೆ. ಕಲಾಶಾಲೆ ಪ್ರವೇಶವನ್ನೇ ನಿರಾಕರಿಸಿತ್ತು. ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, ಮುಂದೆ ಅದೇ ಮುಂಬಯಿಯ ಪತ್ರಿಕೆಯಲ್ಲಿ ದಶಕಗಳ ಕಾಲ ವ್ಯಂಗ್ಯಚಿತ್ರ ಬರೆದರು. ಇಲ್ಲಿ ಪ್ರತಿಭೆಯೂ ಉದ್ಯೋಗವೂ ಒಂದೇ, ನಡುವೆ ನಿಂತು ಅಳೆದವರ ಅಳತೆಗೋಲಷ್ಟೇ ಬೇರೆ. ಇದಕ್ಕಿಂತ ನನಗೆ ಹತ್ತಿರವೆನಿಸುವುದು ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರ ವಿಷಯ. 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿ ಗಣಿತದಲ್ಲಿ ಎಂ.ಎ. ಮಾಡಿದ ಅವರು ಸೇನೆಯ ಸರ್ವೆ ಘಟಕದಲ್ಲಿ ಕೆಲಸ ಕೇಳಿಕೊಂಡು ಕಲ್ಕತ್ತೆಗೆ ಹೋದರು. ಆ ಕೆಲಸ ಸಿಗಲಿಲ್ಲ. ಅಲ್ಲಿಯೇ ಇದ್ದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ 1941ರಲ್ಲಿ ತರಬೇತಿಗೆ ಸೇರಿ, 1945ರಲ್ಲಿ ಪ್ರಕಟಿಸಿದ ಒಂದು ಲೇಖನದಿಂದ ಸಂಖ್ಯಾಶಾಸ್ತ್ರದ ಪಠ್ಯಗಳಲ್ಲೆಲ್ಲ ಹೆಸರಾದರು. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಪಡೆದರು. ಅವರು ಸಿಗದೆ ಹೋದದ್ದು ನಮ್ಮ ಸರ್ವೆಯವರ ಪಾಲಿಗೆ ನಷ್ಟವೇ ಸರಿ.

ಇಂಥ ಉದಾಹರಣೆಗಳಿಂದ ಕಳೆದದ್ದೆಲ್ಲ ಬೇರೆ ರೂಪದಲ್ಲಿ ಕೈಸೇರುತ್ತದೆಂದು ನೀವು ತಿಳಿಯುವುದು ಬೇಡ. ನನ್ನ ಬಣ್ಣಗಾರಿಕೆ ಪೂರ್ತಿ ಹೋಯಿತು. ಅದಕ್ಕೆ ಈ ಉದ್ಯೋಗ ಪರಿಹಾರ ಕೊಟ್ಟಿದೆ ಎಂದರೆ ಸುಳ್ಳಾಗುತ್ತದೆ.