ಉಬುಂಟುವಿನಲ್ಲಿ ಸಿನಿಮಾ ಡಿವಿಡಿ ಓಡದಿದ್ದರೆ
ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಇರುವ ಕಂಪ್ಯೂಟರ್‌ನಲ್ಲಿ ಸಿನಿಮಾ ಡಿವಿಡಿ ಓಡುತ್ತಿಲ್ಲ ಅಂತ ಕೇಳಿದ್ದೀರಿ. ಇದು ಡ್ರೈವ್ ಕೆಟ್ಟಿದ್ದಲ್ಲ, ಡಿವಿಡಿಯ ಬೀಗ ತೆಗೆಯುವ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸುವ ಕೋಡ್) ಆದ ಲಿಬ್‌ಡಿವಿಡಿಸಿಎಸ್‌ಎಸ್ ಇಲ್ಲದ್ದು ಅನಿಸುತ್ತದೆ. ನೀವೇ ಬರ್ನ್ ಮಾಡಿದ ಡಿಸ್ಕ್ ಸರಿಯಾಗಿ ಓಡುತ್ತದೆ, ಕೊಂಡ ಸಿನಿಮಾ ಡಿವಿಡಿಯ ಚಿತ್ರ ಮಾತ್ರ ವಿಎಲ್‌ಸಿ ಪ್ಲೇಯರ್‌ನಲ್ಲಿ ಚೌಕ ಚೌಕವಾಗಿ ಒಡೆಯುತ್ತದೆ ಅಂದಿದ್ದೀರಲ್ವಾ? ಅದೇ ಸುಳಿವು. ಸಿನಿಮಾ ಡಿಸ್ಕ್‌ಗಳಿಗೆ ಸಿಎಸ್‌ಎಸ್ ಎಂಬ ಬೀಗ (ನಕಲು ತಡೆಯುವ ಗೂಢಲಿಪಿ) ಇರುತ್ತದೆ. ಅದನ್ನು ತೆಗೆಯುವ ಈ ಲೈಬ್ರರಿ ಉಬುಂಟು ಜೊತೆ ಬರುವುದಿಲ್ಲ.

ಮೊದಲು ಮಲ್ಟಿವರ್ಸ್ ರೆಪೊಸಿಟರಿ (ಉಬುಂಟು ಸಾಫ್ಟ್‌ವೇರ್ ಇಳಿಸಿಕೊಳ್ಳುವ ಭಂಡಾರಗಳಲ್ಲೊಂದು) ಆನ್ ಇದೆಯಾ ನೋಡಿ. ಆಮೇಲೆ ಟರ್ಮಿನಲ್‌ನಲ್ಲಿ ಆಪ್ಟ್ (ಸಾಫ್ಟ್‌ವೇರ್ ಹಾಕುವ ಆದೇಶ) ಮೂಲಕ ಲಿಬ್‌ಡಿವಿಡಿ-ಪಿಕೆಜಿ (libdvd-pkg) ಎಂಬ ಪ್ಯಾಕೇಜ್ ಹಾಕಿಕೊಳ್ಳಿ. ತುಂಬಾ ಜನ ಇಲ್ಲಿಗೇ ನಿಲ್ಲಿಸಿ, ಏನೂ ಆಗಲಿಲ್ಲ ಅಂತ ಬೇಜಾರಾಗುತ್ತಾರೆ. ಈ ಪ್ಯಾಕೇಜ್ ಬರೀ ಸಹಾಯಕ. ಹಾಕಿದ ಮೇಲೆ ಸುಡೊ (ಅಡ್ಮಿನ್ ಅನುಮತಿ ಕೊಡುವ ಆದೇಶ) ಜೊತೆ ಡಿಪಿಕೆಜಿ-ರೀಕಾನ್ಫಿಗರ್ ಲಿಬ್‌ಡಿವಿಡಿ-ಪಿಕೆಜಿ (sudo dpkg-reconfigure libdvd-pkg) ಓಡಿಸಲೇಬೇಕು. ಟರ್ಮಿನಲ್‌ನಲ್ಲಿ ಪ್ರಶ್ನೆ ಬರುತ್ತದೆ, ಯೆಸ್ ಒತ್ತಿ. ಆಗಲೇ ನಿಜವಾದ ಲೈಬ್ರರಿ ಇಳಿದು, ಅಲ್ಲೇ ಕಂಪೈಲ್ ಆಗುವುದು (ಕೋಡ್‌ನಿಂದ ಓಡುವ ರೂಪಕ್ಕೆ ಬರುವುದು). ಇಂಟರ್‌ನೆಟ್ ಬೇಕು.

ವಿಎಲ್‌ಸಿ ಪೂರ್ತಿ ಮುಚ್ಚಿ, ಡಿಸ್ಕ್ ಹೊರತೆಗೆದು ಮತ್ತೆ ಹಾಕಿ.

ಆಗಲೂ ಓಡದಿದ್ದರೆ ಡ್ರೈವ್‌ನ ರೀಜನ್ ಕೋಡ್ (ಯಾವ ಪ್ರದೇಶದ ಡಿಸ್ಕ್ ಓಡಬೇಕು ಎಂಬ ಅಂಕಿ) ಕಾರಣ ಇರಬಹುದು, ಖಚಿತವಾಗಿ ಹೇಳಲಾರೆ. ರೀಜನ್‌ಸೆಟ್ ಎಂಬ ಟೂಲ್ ಹಾಕಿ ಓಡಿಸಿದರೆ ಈಗಿನ ರೀಜನ್ ತೋರಿಸುತ್ತದೆ. ದಯವಿಟ್ಟು ಸುಮ್ನೆ ಬದಲಾಯಿಸಿ ನೋಡಬೇಡಿ. ಸಾಮಾನ್ಯವಾಗಿ 5 ಸಲ ಮಾತ್ರ ಬದಲಾಯಿಸಬಹುದು, ಆಮೇಲೆ ಕೊನೆಯದೇ ಖಾಯಂ. ಡಿಸ್ಕ್ ಕವರ್ ಹಿಂದೆ ಗೋಳದ ಚಿತ್ರದೊಳಗೆ ಇರುವ ಅಂಕಿ ನೋಡಿಯೇ ಹಾಕಿ.