ಹದಿನೇಳೂವರೆಗೆ ಸೇರಿದ್ರೆ ಬಾಲಸೈನಿಕನಾ? ವಕೀಲರ ಉತ್ತರ

ಪ್ರಶ್ನೆ: ಸೈನ್ಯದ ನಾಲ್ಕು ವರ್ಷದ ಕೆಲಸ ಅಗ್ನಿವೀರ್‌ಗೆ 17½ ವರ್ಷಕ್ಕೇ ತಗೋತಾರೆ. ಆಫ್ರಿಕಾದಲ್ಲಿ ಮಾಡಿದ್ರೆ ಬಾಲಸೈನಿಕ, ನಮ್ಮಲ್ಲಾದ್ರೆ ದೇಶಸೇವೆ. ಇದೆಂಥಾ ನ್ಯಾಯ ಸಾರ್? – ದಾವಣಗೆರೆ ಓದುಗ

ಉತ್ತರ: ಕೋರ್ಟಿನ ಕ್ಯಾಂಟೀನಲ್ಲೂ ಇದನ್ನೇ ಕೇಳ್ತಾರೆ, ಸಾಕಾಗಿದೆ, ಒಂದ್ಸಲ ಬರೆದು ಮುಗಿಸ್ತೀನಿ. ಮಕ್ಕಳನ್ನ ಯುದ್ಧಕ್ಕೆ ಬಳಸೋದರ ಬಗ್ಗೆ 2000ದಲ್ಲಿ ವಿಶ್ವಸಂಸ್ಥೆ ಮಾಡಿದ ಒಪ್ಪಂದ ಇದೆ, ಭಾರತ 2005ರಲ್ಲಿ ಒಪ್ಕೊಂಡಿದೆ. ಬಂಡುಕೋರರ ಗುಂಪು 18ರ ಒಳಗಿನವರನ್ನ ಮುಟ್ಟೋ ಹಾಗೇ ಇಲ್ಲ, ಸರ್ಕಾರಿ ಸೈನ್ಯ ತಗೋಬಹುದು, ಆದ್ರೆ ಹುಡುಗ ತಾನಾಗೇ ಬರಬೇಕು, ಅಪ್ಪ ಅಮ್ಮ ಒಪ್ಪಿ ಸೈನ್ ಹಾಕಬೇಕು, ವಯಸ್ಸಿನ ದಾಖಲೆ ಬೇಕು, ಏನು ಕೆಲಸ ಅಂತ ಮೊದಲೇ ಹೇಳಿರಬೇಕು. 18 ಆಗೋವರೆಗೂ ಕಾರ್ಯಾಚರಣೆ ಜಾಗಕ್ಕೆ ಕಳಿಸಲ್ಲ ಅಂತ ಭಾರತ ಬರೆದುಕೊಟ್ಟಿದೆ. ಟ್ರೇನಿಂಗ್ ಮುಗಿಯೋಷ್ಟರಲ್ಲಿ ಹೆಚ್ಚುಕಮ್ಮಿ 18 ಆಗಿರತ್ತೆ.

ಈಗ ಆ ಕಡೆ ನೋಡಿ. ಉಗಾಂಡಾದ ಡೊಮಿನಿಕ್ ಒಂಗ್ವೆನ್ ಅಂತ ಒಬ್ಬ, ಚಿಕ್ಕ ಹುಡುಗ ಇದ್ದಾಗ ಸ್ಕೂಲಿಗೆ ಹೋಗೋ ದಾರೀಲೇ ಬಂಡುಕೋರರು ಎತ್ತಾಕ್ಕೊಂಡು ಹೋದ್ರು, ಅಲ್ಲೇ ಬೆಳೆದು ಕಮಾಂಡರ್ ಆಗಿ ಬೇರೆ ಮಕ್ಕಳನ್ನ ತಾನೇ ಎತ್ತಿಸಿದ, 2021ರಲ್ಲಿ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟು 25 ವರ್ಷ ಜೈಲು ಹಾಕ್ತು. ಆ ಗುಂಪಲ್ಲಿ ಓಡಿಹೋಗೋಕೆ ನೋಡಿದ ಮಗುವನ್ನ ಉಳಿದ ಮಕ್ಕಳ ಕೈಲೇ ಕೊಲ್ಲಿಸ್ತಿದ್ರು. ಗನ್ ಹಿಡಿದವನಷ್ಟೇ ಅಲ್ಲ, ಅಡುಗೆಗೆ, ಮೂಟೆ ಹೊರೋಕೆ, ಸುದ್ದಿ ತರೋಕೆ ಇಟ್ಕೊಂಡ ಮಕ್ಕಳೂ ಬಾಲಸೈನಿಕರ ಲೆಕ್ಕಕ್ಕೇ ಬರ್ತಾರೆ. ನಮ್ಮ ಹುಡುಗ ಸೈನ್ಯದ ಭರ್ತಿ ರ‍್ಯಾಲಿಗೆ ಹೋಗದೆ ಮನೇಲಿ ಮಲಗಿದ್ರೆ ಯಾರೂ ಕೇಳಲ್ಲ, ಆ ಮಗುಗೆ ಬರಲ್ಲ ಅನ್ನೋಕೆ ಬಾಯೇ ಇರ್ಲಿಲ್ಲ. ವ್ಯತ್ಯಾಸ ಇಷ್ಟೇ.

ಆದ್ರೆ ನಿಮ್ಮ ಪ್ರಶ್ನೆ ಪೂರ್ತಿ ದಡ್ಡತನದ್ದೂ ಅಲ್ಲ. ಹೋದ ತಿಂಗಳು ಹೈಸ್ಕೂಲ್ ಮೈದಾನದಲ್ಲಿ ವಾಕಿಂಗ್ ಹೋಗಿದ್ದೆ, ಬೆಳಗ್ಗೆ ಐದೂವರೆ, ಒಬ್ಬ ಹುಡುಗ ಕಾಂಪೌಂಡ್ ಹಿಡ್ಕೊಂಡು ವಾಂತಿ ಮಾಡ್ತಿದ್ದ, ಅಪ್ಪ ಮೊಬೈಲ್ ಸ್ಟಾಪ್‌ವಾಚ್ ಹಿಡಿದು "ಏಳಲೇ, ಆರು ನಿಮಿಷ ಆತು" ಅಂತಿದ್ದ. ನಿಂಗೇನಪ್ಪಾ ಇಷ್ಟ ಅಂದೆ. ಐಟಿಐ, ಎಲೆಕ್ಟ್ರಿಷಿಯನ್ ಅಂದ. ಅಪ್ಪ ನಕ್ಕುಬಿಟ್ಟ. ಅಗ್ನಿವೀರ್ ಆದ್ಮೇಲೆ ನಾಲ್ಕು ವರ್ಷದೊಳಗೆ ಬೇಡ ಅಂತ ಬರೋಕೆ ಸುಲಭಕ್ಕೆ ಬಿಡಲ್ಲ, ಸೈನ್ ಹಾಕೋ ಮುಂಚೆ ಮಗನ್ನ ಒಬ್ಬನ್ನೇ ಕೂರಿಸ್ಕೊಂಡು ಕೇಳ್ರೀ.

ಪ್ರಶ್ನೆ: ಆಧಾರಲ್ಲಿ ಡೇಟ್ ಆಫ್ ಬರ್ತ್ ತಿದ್ದಿಸಿ ರ‍್ಯಾಲಿಗೆ ಕಳಿಸಬಹುದಾ?

ಉತ್ತರ: ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ ಮೇಲಿರೋ ಹುಟ್ಟಿದ ತಾರೀಖು ಯಾರು ತಿದ್ದುತಾರೆ? ಫೋರ್ಜರಿ ಕೇಸಿಗೆ ನನ್ನ ಫೀಸು ಜಾಸ್ತಿ.

ಪ್ರಶ್ನೆ: ಏಜೆಂಟ್ ಮೂರು ಲಕ್ಷ ಕೇಳ್ತಿದಾನೆ, ಸೆಲೆಕ್ಟ್ ಆಗದಿದ್ರೆ ವಾಪಸ್ ಕೊಡ್ತಾನಂತೆ.

ಉತ್ತರ: ಹತ್ತು ಜನರ ಹತ್ರ ಇಸ್ಕೋತಾನೆ, ಏನೂ ಮಾಡಲ್ಲ. ತಾವೇ ಓಡಿ ಪಾಸಾದ ಇಬ್ಬರ ದುಡ್ಡು ಇಟ್ಕೊಂಡು ಉಳಿದವರಿಗೆ ವಾಪಸ್ ಕೊಟ್ಟು ಪ್ರಾಮಾಣಿಕ ಅನ್ನಿಸ್ಕೋತಾನೆ. ಕಳ್ಳ ನನ್ಮಗ.

ಪ್ರಶ್ನೆ: ಮಗ ಒಂಬತ್ತನೇ ಕ್ಲಾಸಾದ್ರೇನು, ಶೌರ್ಯಕ್ಕೆ ವಯಸ್ಸಿಲ್ಲ, ಓಬವ್ವನ ನಾಡಿನವರು ನಾವು.

ಉತ್ತರ: ಓಬವ್ವ ಸಂಸಾರಸ್ಥೆ, ಗಂಡ ಊಟಕ್ಕೆ ಕೂತಾಗ ನೀರಿಗೆ ಅಂತ ಹೋದವಳು. ಒಂಬತ್ತನೇ ಕ್ಲಾಸಿನ ಹುಡುಗನ್ನ ಇದಕ್ಕೆ ಎಳೀಬೇಡಿ.